ಮೂರು ಹುಣ್ಣಿಮೆ, ಒಂದು ಶ್ರೀತಾಳೆ ಮರ

ಬೀರೂರು ಜಂಕ್ಷನ್

"ಕಾಯಿ ಬಿಡದ ಮರದ ಹುಳ ನೋಡಾಕೆ ಇವ್ನು ಸಮುದ್ರ ದಾಟ್ತಾನಂತೆ!" ನಾನು ಹೊರಡುವ ವಾರ ಈ ಸುದ್ದಿ ಬೀರೂರಿನ ರೈಲ್ವೆ ಕ್ವಾರ್ಟರ್ಸ್ ತುಂಬ ಹಬ್ಬಿತು. ಸುದ್ದಿ ಸುಳ್ಳೇನಲ್ಲ. ೧೯೭೮ರ ಬೇಸಿಗೆ ಅದು. ನಾನಾಗ ತರೀಕೆರೆಯ ಒಂದು ಸಸ್ಯಕ್ಷೇತ್ರದಲ್ಲಿ ಕೀಟ ಅಧ್ಯಯನದ ಸಹಾಯಕ. ಕಚೇರಿ, ಬಂಗಲೆ, ಸ್ಟೇಷನ್ನುಗಳ ಮುಂದೆ ಅಂದಕ್ಕೆಂದು ತಾಳೆ ಜಾತಿಯ ಮರಗಳನ್ನು ನೆಡುತ್ತಾರಲ್ಲ, ಅವಕ್ಕೆ ಯಾವ ಹುಳ ಬೀಳುತ್ತದೆ, ಅಂದ ಬಿಟ್ಟು ಅವುಗಳಿಂದ ಬೇರೇನು ಉಪಯೋಗ ಎಂದು ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿ ಬರೆದುಕೊಳ್ಳುವುದು ನನ್ನ ಕೆಲಸ. ಕಡೂರಿನ ಬಂಗಲೆಯ ಕಾವಲುಗಾರ ನನ್ನನ್ನು ಕಂಡರೆ ಸಾಕು, "ಬಂದ್ರಪ್ಪಾ ಷೋಕಿ ಮರದ ಡಾಕ್ಟ್ರು" ಎನ್ನುತ್ತಿದ್ದ.

ಈ ಸುತ್ತಾಟದಲ್ಲಿ ನನ್ನ ಜೊತೆಗಾರ ಪರಮೇಶಿ. ಅಜ್ಜಂಪುರದವನು, ಅವನ ಅಪ್ಪ ಅಲ್ಲಿ ಕಾಳಿನ ಮಂಡಿ ಇಟ್ಟವರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿದು ಹಣೆಗೆ ಮೂರು ಬೆರಳಿನ ವಿಭೂತಿ ಬಿದ್ದ ಮೇಲೆಯೇ ಅವನು ಮರದ ಹತ್ತಿರ ಸುಳಿಯುತ್ತಿದ್ದದ್ದು. ನಮ್ಮಿಬ್ಬರನ್ನೂ ಲಂಕೆಯಲ್ಲಿ ಕ್ಯಾಂಡಿ ಎಂಬ ಬೆಟ್ಟದೂರಿನ ಬಳಿ ಒಂದು ಹಳೆಯ ಮರದೋಟಕ್ಕೆ ಕೆಲಸ ಕಲಿಯಲು ಕಳಿಸಿದರು. ಮೂರು ಹುಣ್ಣಿಮೆ ಕಳೆಯುವವರೆಗೆ ಅಲ್ಲಿರಬೇಕು ಎಂಬುದು ಏರ್ಪಾಟು.

ಅಪ್ಪ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಅವರಿಗೆ ಡ್ಯೂಟಿ ಇತ್ತು. ನಮ್ಮ ರೈಲಿಗೆ ದಾರಿ ಬಿಟ್ಟುಕೊಟ್ಟವರೇ ಅವರು. ಅಮ್ಮ ಒಂದು ಡಬ್ಬಿ ರಾಗಿಹಿಟ್ಟು, ಸುತ್ತಿಟ್ಟ ಈಚಲ ಚಾಪೆ ಕೊಟ್ಟಳು. ನಮ್ಮದು ಬುದ್ಧನ ಪಟದ ಮುಂದೆ ದೀಪ ಹಚ್ಚುವ ಮನೆ. ಲಂಕೆ ಎಂಬ ಮಾತು ಕೇಳಿದ ಮೇಲೆ ಹುಳದ ವಿಷಯ ಅಮ್ಮನ ಕಿವಿಗೇ ಬಿದ್ದಿರಲಿಲ್ಲ.

"ಅಲ್ಲಿ ಬೋಧಿಮರ ಇರ್ತೈತೆ. ಒಂದು ಎಲೆ ತಗಂಬಾ," ಎಂದವಳು ರೈಲು ಅಲುಗುವಾಗ ಕಿಟಕಿಯ ಜೊತೆ ನಡೆಯುತ್ತ ಸೇರಿಸಿದಳು. "ಕಿತ್ಕಂಡು ಬರ್ಬೇಡ ಕಣಪ್ಪಾ. ತಾನಾಗೇ ಉದುರಿದ್ದು ಸಿಕ್ರೆ ಮಾತ್ರ."

ತಲೈಮನ್ನಾರ್

ರಾಮೇಶ್ವರದಿಂದ ಹಡಗು. ಸಮುದ್ರ ಮದಗದ ಕೆರೆಯಷ್ಟೇ ಸುಮ್ಮನಿತ್ತು. ಆದರೂ ಪರಮೇಶಿ ಹತ್ತಿದಾಗಿನಿಂದ ಕಂಬಿ ಹಿಡಿದು ನಿಂತವನು ಇಳಿಯುವವರೆಗೆ ಬಿಡಲಿಲ್ಲ. "ನೀರು ಸುಮ್ನೈತೆ ಕಣೋ, ನನ್ ಹೊಟ್ಟೆ ಸುಮ್ನಿಲ್ಲ," ಎಂದ.

ಆಚೆ ದಡದ ತಲೈಮನ್ನಾರಿನಲ್ಲಿ ಸುಂಕದವರು ಎಲ್ಲರ ಗಂಟನ್ನೂ ಬಿಚ್ಚಿಸುತ್ತಿದ್ದರು. ನಮ್ಮ ಮುಂದಿದ್ದವನ ಪೆಟ್ಟಿಗೆಯಿಂದ ಸೀರೆಯ ಮೇಲೆ ಸೀರೆ ಬಂದವು. ಅದರ ಮುನಿಸು ನಮ್ಮ ಡಬ್ಬಿಯ ಮೇಲೆ ತಿರುಗಿತು. ಅಧಿಕಾರಿ ಮುಚ್ಚಳ ತೆಗೆದು, ಕಂದು ಹಿಟ್ಟನ್ನು ಮೂಸಿ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಾನು ತಡಕಾಡುತ್ತಿರುವಾಗಲೇ ಪರಮೇಶಿ ಒಂದು ಹಿಡಿ ಬಾಚಿ ಬಾಯಿಗೆ ಹಾಕಿಕೊಂಡ. ಒಣ ಹಿಟ್ಟು ಗಂಟಲಿಗೆ ಹತ್ತಿ, ಕೆಮ್ಮಿದ ರಭಸಕ್ಕೆ ಅಧಿಕಾರಿಯ ಬಿಳಿ ಅಂಗಿಗೆಲ್ಲ ಎರಚಿತು.

ನಾನು ಹೆದರಿ ನಿಂತೆ. ಅಧಿಕಾರಿ ತುಟಿಗೆ ಹತ್ತಿದ್ದನ್ನು ನೆಕ್ಕಿ ನೋಡಿದ. "ಕುರಕ್ಕನ್!" ಎಂದು ಕೂಗಿ, ಆಚೆ ಮೇಜಿನವರನ್ನೂ ಕರೆದು ತೋರಿಸಿದ. ಅಲ್ಲಿಯ ಹಳ್ಳಿಗಳಲ್ಲೂ ರಾಗಿ ಬೆಳೆಯುತ್ತಾರೆ. ಅವನ ತಾಯಿ ಅದರಲ್ಲಿ ರೊಟ್ಟಿ ಬಡಿಯುತ್ತಾಳಂತೆ. ಚಾಪೆ ಬಿಚ್ಚಿಸದೆಯೇ ಕಳಿಸಿಕೊಟ್ಟ.

ಕ್ಯಾಂಡಿಯ ಬಳಿಯ ತೋಟ

ತೋಟದ ಹೆಬ್ಬಾಗಿಲಿನಿಂದ ಒಳಕ್ಕೆ ರಾಯಲ್ ಪಾಮ್ ಮರಗಳ ಜೋಡಿ ಸಾಲು. ಬೂದು ಬಣ್ಣದ ಆ ಕಾಂಡಗಳನ್ನು ಗಾರೆಯಲ್ಲಿ ಎರಕ ಹೊಯ್ದಿದ್ದಾರೆಂದರೂ ನಂಬಬಹುದು. ನಮ್ಮ ಬೀರೂರು ಸ್ಟೇಷನ್ನಿನ ಮುಂದೆಯೂ ಇದೇ ಜಾತಿಯವು ಎರಡಿವೆ. ಅವುಗಳ ಬುಡಕ್ಕೆ ಎಲೆಯಡಿಕೆ ಉಗಿದು ಉಗಿದು ಸೊಂಟದವರೆಗೆ ಕೆಂಪು.

ಸಾಲಿನ ಕೊನೆಗೆ ಒಂಟಿಯಾಗಿ ಒಂದು ಶ್ರೀತಾಳೆ. ಅದರ ಒಂದು ಗರಿಯ ಕೆಳಗೆ ನಮ್ಮ ಕ್ವಾರ್ಟರ್ಸ್‌ನ ಒಂದು ಸಂಸಾರ ಮಳೆಗೆ ನಿಲ್ಲಬಹುದು. ಹಿಂದೆ ಓಲೆಗರಿಯ ಪುಸ್ತಕ ಬರೆಯುತ್ತಿದ್ದದ್ದು ಈ ಗರಿಗಳ ಮೇಲೆಯೇ. ಅಲ್ಲಿಯ ಹಳ್ಳಿಗಳಲ್ಲಿ ಈಗಲೂ ಕೊಡೆಯಂತೆ ಹಿಡಿಯುತ್ತಾರೆ. ಈ ಮರ ಹೂ ಬಿಡುವುದು ಆಯುಸ್ಸಿನಲ್ಲಿ ಒಂದೇ ಸಲ, ನಲವತ್ತು ಐವತ್ತು ವರ್ಷ ಕಾದು. ಬಿಟ್ಟ ಮೇಲೆ ಕಾಯಿ ಉದುರಿಸಿ ಸಾಯುತ್ತದೆ. ನಾವು ಹೋದಾಗ ಅದರ ನೆತ್ತಿಯಲ್ಲಿ ಗೋಪುರದ ಕಳಶದಂಥ ಮೊಗ್ಗು ಎದ್ದಿತ್ತು.

ಮೊಗ್ಗಿನ ಸುತ್ತ ಗರಿಗಳೆಲ್ಲ ಕತ್ತರಿಯಲ್ಲಿ ಕತ್ತರಿಸಿದಂತೆ ಹರಿದಿದ್ದವು. ಕಾಂಡದ ತೂತುಗಳಿಂದ ಜಗಿದ ನಾರು ಹೊರಬಿದ್ದಿತ್ತು. ಇದು ಕೊಂಬಿನ ದುಂಬಿಯ ಕೆಲಸ. ನಮ್ಮ ಕಡೆ ತೆಂಗಿನವರು ಕುರುವಾಯಿ ಎನ್ನುವುದು ಇದನ್ನೇ.

ತೋಟದ ಮೇಲ್ವಿಚಾರಕರು ಕಡಿಮೆ ಮಾತಿನವರು. "ಈ ಸಾಲು ಉಳಿಯಬೇಕಾದರೆ ಆ ಒಂದು ಮರ ಹೋಗಬೇಕು," ಎಂದರು. "ದುಂಬಿಗಳೆಲ್ಲ ಅದಕ್ಕೆ ಬಂದು, ಅಲ್ಲಿಂದ ಇವಕ್ಕೆ ಹಾರುತ್ತವೆ. ನೀವು ಇರುವಷ್ಟು ದಿನ ಏನು ಮಾಡುತ್ತೀರೋ ಮಾಡಿ. ಹೊರಡುವ ಹೊತ್ತಿಗೂ ಹೊಸ ತೂತು ಬೀಳುತ್ತಿದ್ದರೆ ಕಡಿಸಿ ಸುಡಿಸುತ್ತೇನೆ."

ಅವರ ಹಿಂದೆ ಹಿರಿಯ ಮಾಲಿ ಗುಣಪಾಲ ತಲೆ ತಗ್ಗಿಸಿ ನಿಂತಿದ್ದರು. ಅವರದು ಚಹಾ ತೋಟದವರಿಂದ ಕಲಿತ ತಮಿಳು. ನನ್ನದು ಕ್ವಾರ್ಟರ್ಸ್‌ನ ಪಕ್ಕದ ಮನೆಯಿಂದ ಕಲಿತದ್ದು. ಎರಡೂ ಅಷ್ಟಕ್ಕಷ್ಟೇ, ಆದ್ದರಿಂದ ಚೆನ್ನಾಗಿ ಹೊಂದಿಕೊಂಡೆವು. ಅವರ ಮಾತನ್ನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

ಮೇಲ್ವಿಚಾರಕರು ಅತ್ತ ಹೋದ ಮೇಲೆ ಅವರು ಕಾಂಡದ ಮೇಲೆ ಕೈಯಿಟ್ಟರು. "ಇದನ್ನ ನೆಟ್ಟೋರು ನಮ್ಮಪ್ಪ, ತಂಬಿ. ಅವರೂ ಇಲ್ಲೇ ಮಾಲಿ. ಆಗ ನನಗೆ ಹಾಲುಹಲ್ಲು ಬೀಳ್ತಿತ್ತು. ನೀರು ಹೊತ್ತೋನು ನಾನು. ಅಪ್ಪ ಇದರ ಹೂ ನೋಡದೆ ಹೋದರು. ಬರೋ ವರ್ಷ ನನ್ನ ನಿವೃತ್ತಿ." ಮೊಗ್ಗಿನತ್ತ ಒಮ್ಮೆ ಮುಖವೆತ್ತಿದರು. "ಇಷ್ಟು ಹತ್ತಿರಕ್ಕೆ ಬಂದೈತೆ."

ಪರಮೇಶಿಗೆ ನಾನು ಅರ್ಥ ಹೇಳಿದೆ. ಅವನು ಯಾವ ಭಾಷೆಯ ಹಂಗೂ ಇಲ್ಲದೆ ನೇರ ಕನ್ನಡದಲ್ಲೇ, "ಯಜಮಾನ್ರೆ, ಬಿಡಿ ಯೋಚ್ನೆ. ನಾವು ಅದೀವಿ," ಎಂದು ಅವರ ಭುಜ ತಟ್ಟಿದ. ಅವರಿಗೆ ಹೇಗೋ ತಿಳಿಯಿತು.

ಎಲೆಯ ಮೇಲಿನ ಚಟ್ನಿ

ಮೊದಲ ವಾರ ತೋಟದ ಗೊಬ್ಬರದ ಗುಂಡಿಗಳನ್ನೆಲ್ಲ ಕೆದಕಿ ನೋಡಿದೆವು. ಈ ದುಂಬಿ ಮರದ ಸುಳಿ ತಿನ್ನುತ್ತದೆ, ಆದರೆ ಮೊಟ್ಟೆ ಇಡುವುದು ಗೊಬ್ಬರದಲ್ಲಿ. ಮರಿಹುಳು ಬೆಳೆಯುವುದೂ ಅಲ್ಲೇ. ತೋಟದ ಗುಂಡಿಗಳಲ್ಲಿ ಒಂದು ಮರಿಯೂ ಸಿಗಲಿಲ್ಲ. ಮತ್ತೆ ಇಷ್ಟು ದುಂಬಿ ಎಲ್ಲಿಂದ?

ಅದು ತಿಳಿಯುವವರೆಗೆ ಬಂದಷ್ಟನ್ನು ಹಿಡಿಯುವುದೆಂದು ತೀರ್ಮಾನವಾಯಿತು. ಸತ್ತ ತೆಂಗಿನ ಕಾಂಡ ಸೀಳಿ, ಒಳಮೈಗೆ ಕಳ್ಳು ಸವರಿ, ಮರಗಳ ಸುತ್ತ ಮಗುಚಿ ಹಾಕಿದರೆ ವಾಸನೆಗೆ ದುಂಬಿ ಬಂದು ಅಡಿಯಲ್ಲಿ ಅಡಗುತ್ತವೆ. ಬೆಳಿಗ್ಗೆ ಎತ್ತಿ ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು. ಪರಮೇಶಿ ಕಳ್ಳು ಸವರುವ ಕುಂಚಕ್ಕೆ ಮಾರುದ್ದದ ಬಿದಿರು ಕಟ್ಟಿಕೊಂಡು, ಮೂಗು ಆ ಕಡೆ ತಿರುಗಿಸಿ ಕೆಲಸ ಮಾಡುತ್ತಿದ್ದ. ಯಾವ ಸೀಳಿನ ಕೆಳಗೆ ಎಷ್ಟು ಎಂದು ಗೀಟು ಹಾಕಿಕೊಳ್ಳುವುದು ನನ್ನ ಪಾಲಿನ ಕೆಲಸ. ಗೀಟು ಇಳಿಯುವ ಲಕ್ಷಣವೇ ಇರಲಿಲ್ಲ.

ಊಟ ಗುಣಪಾಲರ ಮನೆಯಿಂದ. ಕೆಂಪಕ್ಕಿ ಅನ್ನ, ಹಲಸಿನ ಪಲ್ಯ, ತೆಂಗಿನಕಾಯಿಯ ಒಂದು ಕೆಂಪು ಚಟ್ನಿ. ಮೀನು ಬೇಡವೆಂದು ಪರಮೇಶಿ ಮೊದಲೇ ಹೇಳಿಸಿದ್ದ. ಚಟ್ನಿ ಮಾತ್ರ ಅವನಿಗೆ ಬಹಳ ಹಿಡಿಸಿತು. "ನಮ್ಮವ್ವನ ಕೈಲೂ ಹಿಂಗೆ ಬರಲ್ಲ ಕಣೋ. ಅದೇನ್ ಹಾಕ್ತಾರೆ ಕೇಳು," ಎಂದು ನಾಲ್ಕನೆಯ ದಿನ ಎಲೆ ಒರೆಸುತ್ತ ಹೇಳಿದ. ಕೇಳಿದೆ. ಒಣಮೀನಿನ ಪುಡಿ.

ಅನುವಾದ ಮಾಡದೆ ಬಿಡಬಹುದಿತ್ತು. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಎದ್ದು ಹೋಗಿ ಹೊಳೆಯಲ್ಲಿ ಮುಳುಗಿ ಬಂದ. "ನಾಕು ದಿನ ತಿಂದೆನಲ್ಲೋ," ಎಂದ ತಲೆ ಒರೆಸಿಕೊಳ್ಳುತ್ತ. "ಶಿವ ಕ್ಷಮಿಸ್ತಾನೆ ಬಿಡು. ಚೆನ್ನಾಗಿತ್ತು ಅಂದ್ನಲ್ಲ, ಅದನ್ನ ಕ್ಷಮಿಸ್ತಾನಾ?"

ಮರುದಿನದಿಂದ ಗುಣಪಾಲರ ಹೆಂಡತಿ ಅವನಿಗೆಂದು ಬೇರೆ ಒರಳಿನಲ್ಲಿ ರುಬ್ಬತೊಡಗಿದರು. ಜೊತೆಗೆ ಎಮ್ಮೆ ಮೊಸರು, ಅದರ ಮೇಲೆ ಬಗನಿ ಮರದ ಜೋನಿಬೆಲ್ಲ. ನಮ್ಮ ಲಿಂಗದಹಳ್ಳಿಯ ಆಸುಪಾಸಿನಲ್ಲಿ ಬಗನಿ ಬೇಕಾದಷ್ಟಿದೆ. ಕಳ್ಳು ಇಳಿಸುವುದು ಬಿಟ್ಟರೆ ಆನೆಗೆ ಸೊಪ್ಪು, ಅಷ್ಟೇ. ಅದೇ ಕಳ್ಳನ್ನು ಹುಳಿಯಾಗುವ ಮೊದಲೇ ಕಾಯಿಸಿದರೆ ಇಂಥ ಬೆಲ್ಲವಾಗುತ್ತದೆಂದು ಅಲ್ಲಿ ಕಂಡೆ. ಮರದ ಉಪಯೋಗ ಬರೆಯುವ ಪುಟದಲ್ಲಿ ಅದಕ್ಕೆ ಮೊದಲ ಜಾಗ ಕೊಟ್ಟೆ. ಪರಮೇಶಿ ಮೂರು ಬಟ್ಟಲು ಮೊಸರಿನಿಂದ ಅನುಮೋದಿಸಿದ.

ಮೊದಲ ಹುಣ್ಣಿಮೆ

ಲಂಕೆಯಲ್ಲಿ ಹುಣ್ಣಿಮೆಯೆಂದರೆ ಪೋಯ, ಊರಿಗೆಲ್ಲ ರಜೆ. ಅಂಗಡಿಯಲ್ಲಿ ಮಾಂಸವಿಲ್ಲ, ಹೆಂಡವಿಲ್ಲ. ಬಿಳಿ ಬಟ್ಟೆಯುಟ್ಟವರ ಸಾಲು ವಿಹಾರದ ಕಡೆಗೆ.

ಹಿಂದಿನ ದಿನ ಬೆಳಿಗ್ಗೆ ಹಿಡಿದ ದುಂಬಿಗಳನ್ನು ಕೊಲ್ಲೋಣವೆಂದರೆ ಸೀಮೆಎಣ್ಣೆ ಮುಗಿದಿತ್ತು. ನಾಡಿದ್ದು ನೋಡೋಣವೆಂದು ತೂತಿನ ಮುಚ್ಚಳದ ಡಬ್ಬಿಯಲ್ಲಿ ಇಟ್ಟೆವು. ಕೆಲಸವಿಲ್ಲದೆ ಕುಳಿತ ಪರಮೇಶಿಯ ಕೈಗೆ ಮರಗಳ ಹೆಸರು ಬರೆಯುವ ಬಿಳಿ ಬಣ್ಣ ಸಿಕ್ಕಿತು. ಕಡ್ಡಿಗೆ ಅದ್ದಿ, ಒಂದೊಂದು ದುಂಬಿಯ ಬೆನ್ನಿಗೂ ಮೂರು ಅಡ್ಡಗೀಟು ಎಳೆದ.

"ಏನೋ ಅದು?"

"ನಾಡಿದ್ದು ಸಾಯೋವು. ವಿಭೂತಿ ಇಲ್ದೆ ಕಳಿಸ್ಬಾರ್ದು," ಎಂದ. "ಬಡ್ಡಿಮಕ್ಳು ಎಷ್ಟ್ ಲಕ್ಷಣವಾಗಿ ಕಾಣ್ತವೆ ನೋಡು."

ಹುಣ್ಣಿಮೆಯ ದಿನ ಗುಣಪಾಲರು ನನಗೊಂದು ಬಿಳಿ ಅಂಗಿ ಕೊಟ್ಟು ವಿಹಾರಕ್ಕೆ ಕರೆದೊಯ್ದರು. ಬೀರೂರಿನಲ್ಲಿ ನಮ್ಮದು ಬುದ್ಧನ ಮನೆಯೆಂದು ಯಾರಿಗಾದರೂ ಹೇಳಿದರೆ ಹಿಂದೆಯೇ ನಾಲ್ಕು ಪ್ರಶ್ನೆ ಬರುತ್ತವೆ; ಅಲ್ಲಿ ನನ್ನ ಕೈಗೆ ಹೂವಿನ ತಟ್ಟೆ ಬಂತು, ಪ್ರಶ್ನೆ ಬರಲಿಲ್ಲ. ಬುದ್ಧಂ ಶರಣಂ ಎಂದು ಎಲ್ಲರೂ ಹೇಳುವಾಗ ಮಾತು ಅಪ್ಪ ಹೇಳುವ ಮಾತೇ, ಧಾಟಿ ಮಾತ್ರ ಬೇರೆ. ನಾನು ಅಪ್ಪನ ಧಾಟಿಯಲ್ಲೇ ಹೇಳಿಕೊಂಡೆ. ಬೋಧಿಮರದ ಕೆಳಗೆ ಉದುರಿದ ಒಂದು ಎಲೆ ಸಿಕ್ಕಿತು.

"ನಿಮ್ಮೂರಲ್ಲಿ ಪೋಯ ಹೇಗೆ ಮಾಡ್ತೀರಿ, ತಂಬಿ?" ಎಂದು ದಾರಿಯಲ್ಲಿ ಕೇಳಿದರು.

"ಅಪ್ಪನಿಗೆ ಸಾಮಾನ್ಯವಾಗಿ ಡ್ಯೂಟಿ ಇರುತ್ತದೆ," ಎಂದೆ.

ಸಂಜೆ ಬಂದು ನೋಡಿದರೆ ಡಬ್ಬಿ ಖಾಲಿ. ಗುಣಪಾಲರೇ ಕೆಲಸ ಮುಗಿಸಿರಬೇಕೆಂದುಕೊಂಡು ಸುಮ್ಮನಾದೆ.

ವಾಪಸ್ ಬಂದವರು

ಹುಣ್ಣಿಮೆ ಕಳೆದು ನಾಲ್ಕನೆಯ ಬೆಳಿಗ್ಗೆ ನಾನು ಸಾಲಿನ ಈ ತುದಿಯಲ್ಲಿದ್ದೆ. ಶ್ರೀತಾಳೆಯ ಬುಡದಿಂದ ಪರಮೇಶಿಯ ಕೂಗು ಕೇಳಿತು.

"ಲೇ ಆನಂದಾ, ಓಡ್ಬಾರೋ! ನಮ್ಮೋರು ವಾಪಸ್ ಬಂದವ್ರೆ!"

ಮಗುಚಿದ ಸೀಳಿನ ಮೇಲೆ ಆರು ದುಂಬಿಗಳು ಹರಿದಾಡುತ್ತಿದ್ದವು. ಅವುಗಳಲ್ಲಿ ಮೂರರ ಬೆನ್ನ ಮೇಲೆ ವಿಭೂತಿ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಡಬ್ಬಿಯಲ್ಲಿದ್ದವು ಸತ್ತಿರಲಿಲ್ಲ, ಯಾರೋ ಬಿಟ್ಟಿದ್ದರು. ಅಷ್ಟರಲ್ಲಿ ಗುಣಪಾಲರೇ ನೀರಿನ ಕೊಡ ಹೊತ್ತು ಬಂದರು.

"ಅಯ್ಯಾ, ಹುಣ್ಣಿಮೆ ದಿನ ಡಬ್ಬೀಲಿ ದುಂಬಿ ಇದ್ದವಲ್ಲ..." ಎಂದು ಶುರು ಮಾಡಿದೆ.

"ಬಿಟ್ಟೆ," ಎಂದರು. ಮುಚ್ಚಿಡುವುದೇನೂ ಇಲ್ಲದವರ ಮಾತು ಅದು. "ಪೋಯದ ದಿನ ನಾನು ಕೊಲ್ಲಲ್ಲ, ಯಾರೂ ಕೊಲ್ಲೋದಕ್ಕೆ ಬಿಡಲ್ಲ. ಬೇರೆ ದಿನ ಕಂಬಿ ಹಾಕಿ ಚುಚ್ಚಿ ತೆಗೀತೀನಿ, ನೀವೇ ನೋಡಿದೀರಿ. ಪೋಯದ ದಿನ ಸಿಕ್ಕಿದ್ದನ್ನ ಮರದಿಂದ ದೂರ ಒಯ್ದು ಬಿಟ್ಟು ಬರ್ತೀನಿ. ನಮ್ಮಪ್ಪನೂ ಹಂಗೇ ಮಾಡ್ತಿದ್ದರು."

"ಎಲ್ಲಿ ಬಿಡ್ತೀರಿ?"

"ಬೇಲಿಯಾಚೆ ಆನೆ ಲದ್ದಿ ಗುಡ್ಡೆ ಇದೆಯಲ್ಲ, ಅಲ್ಲಿ. ಮೆತ್ತಗಿರ್ತದೆ, ಬೇಕಾದಷ್ಟು ತಿನ್ನಲಿ. ಹೊಟ್ಟೆ ತುಂಬಿದ್ರೆ ಮರಕ್ಕ್ಯಾಕೆ ಬರ್ತವೆ?"

ಪರಮೇಶಿಗೆ ಹೇಳಿದೆ. ಅವನು ಹಣೆ ಬಡಿದುಕೊಂಡ. "ಅಯ್ಯೋ ಯಜಮಾನ್ರೆ! ಬಸುರೀನ ಬಾಣಂತನಕ್ಕೆ ತವರಿಗೆ ಕಳಿಸ್ದಂಗೆ ಮಾಡಿದೀರಲ್ಲ!"

ಆನೆ ಲದ್ದಿಯ ಗುಡ್ಡೆ

ಬೇಲಿಯಾಚೆಯದು ತೋಟದ ಜಾಗವಲ್ಲ. ಆದ್ದರಿಂದ ನಾವು ಅತ್ತ ಹೋಗಿಯೇ ಇರಲಿಲ್ಲ. ಹತ್ತಿರದಲ್ಲಿ ಸಾಕಿದ ಆನೆಗಳ ಲದ್ದಿಯನ್ನು ವರ್ಷಗಟ್ಟಲೆ ತಂದು ಸುರಿದು ಅದೊಂದು ದಿಬ್ಬವೇ ಆಗಿತ್ತು. ಎಮ್ಮೆದೊಡ್ಡಿಯ ಕಾವಲಿನಲ್ಲಿ ಅಮೃತಮಹಲ್ ದನಗಳ ಸಗಣಿ ನೋಡಿ ಬೆಳೆದ ನನಗೂ ಅಷ್ಟು ದೊಡ್ಡ ಗುಡ್ಡೆ ಹೊಸದು. ಸಲಿಕೆ ಹಾಕಿದರೆ ಬೆರಳು ಗಾತ್ರದ ಬಿಳಿ ಮರಿಹುಳುಗಳು ಸುರುಳಿ ಸುತ್ತಿಕೊಂಡು ಉರುಳಿ ಬಂದವು. ಒಂದು ಸಲಿಕೆಯಲ್ಲಿ ಎಷ್ಟೆಂದು ಎಣಿಸಲು ಹೋದೆ. ಮೂರನೆಯ ಸಲಿಕೆಗೆ ಬಿಟ್ಟೆ.

ಗುಣಪಾಲರು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಮೊಟ್ಟೆ, ಮರಿ, ದುಂಬಿ ಎಂದು ನಾನು ಮಣ್ಣಿನ ಮೇಲೆ ಬರೆದು ತೋರಿಸಿದೆ. ಅದು ಅವರಿಗೆ ಗೊತ್ತಿರದ ಸಂಗತಿ. ಬಿಳಿ ಹುಳು ಬೇರೆ, ಕೊಂಬಿನ ದುಂಬಿ ಬೇರೆ ಎಂದೇ ಅಲ್ಲಿಯವರ ನಂಬಿಕೆ. ನಮ್ಮ ಊರಿನಲ್ಲೂ ಅರ್ಧ ಜನರದು ಅದೇ.

ಅವರು ಕೇಳಿದ್ದು ಒಂದೇ ಮಾತು. "ಹಾಗಾದ್ರೆ ಅಪ್ಪ ನೆಟ್ಟರು, ನಾನು ತಿನ್ನಿಸಿದೆ?"

ಪರಮೇಶಿಗೆ ಪ್ರಶ್ನೆ ತಿಳಿದಿರಲಿಲ್ಲ. ಆದರೂ ಅವನೇ ಉತ್ತರ ಕೊಟ್ಟ. "ಯಜಮಾನ್ರೆ, ಕೂತ್ರೆ ಆಗಲ್ಲ, ಏಳಿ. ಗುಡ್ಡೆ ಒಡೆಯಾನ." ಸಲಿಕೆ ಅವರ ಕೈಗೆ ಕೊಟ್ಟ.

ನಮ್ಮಮ್ಮ ತಿಪ್ಪೆ ತೋಡಿಸುವ ದಿನ ಕ್ವಾರ್ಟರ್ಸ್‌ನ ಕೋಳಿಗಳನ್ನೆಲ್ಲ ಅಟ್ಟಿಕೊಂಡು ಬರುತ್ತಾಳೆ. ಅದನ್ನು ಹೇಳಿದ್ದಷ್ಟೇ ನನ್ನ ಪಾಲಿನ ಸಂಶೋಧನೆ. ಮಾಲಿಗಳ ಮನೆಗಳಲ್ಲಿ ಕೋಳಿಗೇನೂ ಬರವಿರಲಿಲ್ಲ. ದಿಬ್ಬವನ್ನು ಒಡೆದು ಗೇಣು ದಪ್ಪಕ್ಕೆ ಬಿಸಿಲಿಗೆ ಹರಡುತ್ತ ಬಂದೆವು. ಕೋಳಿ, ಕಾಗೆ, ಗೊರವಂಕಗಳ ಹಬ್ಬ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದವರು ಗುಣಪಾಲರು. ಆನೆಯ ಮಾವುತ ಬೇಲಿಯ ಮೇಲೆ ಕುಳಿತು ಏನೋ ಹೇಳಿ ನಗುತ್ತಿದ್ದ. ಏನೆಂದು ಕೇಳಿದೆ. "ಆನೆಗಿಂತ ಲದ್ದಿಗೇ ಜಾಸ್ತಿ ಸೇವೆ ಅಂತಾನೆ," ಎಂದು ಗುಣಪಾಲರು ಆ ದಿನಗಳಲ್ಲಿ ಮೊದಲ ಸಲ ನಕ್ಕರು.

ಎರಡನೆಯ ಹುಣ್ಣಿಮೆ

ಇನ್ನು ಹುಣ್ಣಿಮೆಯ ದಿನ ಏನು ಮಾಡುವುದು? ಹಿಡಿದದ್ದನ್ನು ಮರುದಿನದವರೆಗೆ ಡಬ್ಬಿಯಲ್ಲಿ ಇಡೋಣ ಎಂದೆ. ಗುಣಪಾಲರು ಒಪ್ಪಲಿಲ್ಲ. "ನಾಳೆ ಕೊಲ್ತೀನಿ ಅಂತ ಇವತ್ತು ಅನ್ನ ಹಾಕೋದಾ? ಅದೂ ಒಂದೇ, ತಂಬಿ." ಐದು ಶೀಲಗಳಲ್ಲಿ ಮೊದಲನೆಯದನ್ನು, ಜೀವ ತೆಗೆಯಬಾರದೆಂಬುದನ್ನು, ಹೇಳಿಕೊಂಡೇ ಬೆಳೆದ ನಾನು ವಾದ ಮಾಡಲು ಹೋಗಲಿಲ್ಲ.

ದಾರಿ ತೋರಿಸಿದವನು ಪರಮೇಶಿ. "ಹಿಡಿದ್ರೆ ತಾನೆ ಬಿಡೋ ಮಾತು? ಹಿಂದಿನ ದಿನಾನೇ ಸೀಳು ಎತ್ತಿ ಗೋಡೆಗೆ ಒರಗ್ಸಾನ. ಅವಕ್ಕೂ ರಜಾ."

ಹಾಗೇ ಮಾಡಿದೆವು. ಹುಣ್ಣಿಮೆಯ ದಿನ ಬಲೆಯೂ ಇಲ್ಲ, ಕೊಲೆಯೂ ಇಲ್ಲ. ಆಮೇಲಿನ ವಾರಗಳಲ್ಲಿ ನನ್ನ ಗೀಟುಗಳು ಸಾಲಿನಿಂದ ಅರ್ಧ ಸಾಲಿಗೆ, ಅಲ್ಲಿಂದ ಒಂದೆರಡಕ್ಕೆ ಇಳಿದವು. ಶ್ರೀತಾಳೆಯ ತೂತುಗಳಿಂದ ಹಸಿ ನಾರು ಬರುವುದು ನಿಂತಿತು. ಗುಣಪಾಲರು ದಿನಾ ಬಂದು ನನ್ನ ಪುಟ ಇಣುಕುತ್ತಿದ್ದರು. ಕನ್ನಡದ ಅಂಕಿ ಅವರಿಗೆ ಬಾರದು. ಗೀಟುಗಳ ಉದ್ದ ನೋಡುತ್ತಿದ್ದರು.

ಮೂರನೆಯ ಹುಣ್ಣಿಮೆ

ಅದು ವೈಶಾಖ. ಮನೆಮನೆಗೂ ಕಾಗದದ ಗೂಡುದೀಪ. ನಾವು ಹೊರಡುವ ದಿನವೂ ಅದೇ.

ಮೇಲ್ವಿಚಾರಕರು ಹಿಂದಿನ ದಿನವೇ ಏಣಿ ಹಾಕಿಸಿ ನೋಡಿಸಿದ್ದರು. ಹೊಸ ತೂತು ಒಂದೂ ಇರಲಿಲ್ಲ. "ಇರಲಿ," ಎಂದಷ್ಟೇ ಹೇಳಿ ಹೋದರು. ಅವರ ಬಾಯಲ್ಲಿ ಅದು ದೊಡ್ಡ ಮಾತಂತೆ. ನೋಡಿಸಬೇಕಾದ ಅಗತ್ಯವೂ ಅಷ್ಟಿರಲಿಲ್ಲ. ವಾರದ ಹಿಂದೆಯೇ ಮೊಗ್ಗು ಒಡೆದು, ಕೆನೆಬಣ್ಣದ ಹೂ ಗರಿಗಳ ಮೇಲೆ ಇನ್ನೊಂದು ಮರದಂತೆ ನಿಂತಿತ್ತು. ಜೇನ್ನೊಣಗಳ ಸದ್ದು ಹೆಬ್ಬಾಗಿಲಿಗೇ ಕೇಳುತ್ತಿತ್ತು. ಗುಣಪಾಲರ ಹೆಂಡತಿ ಮಕ್ಕಳು ಮೊಮ್ಮಕ್ಕಳು ಬಿಳಿ ಬಟ್ಟೆಯಲ್ಲಿ ಬಂದು, ಕತ್ತು ನೋಯುವವರೆಗೆ ನೋಡಿದರು.

ಅಮ್ಮ ಕೊಟ್ಟ ಈಚಲ ಚಾಪೆಯನ್ನು ನಾನು ಗುಣಪಾಲರಿಗೆ ಕೊಟ್ಟೆ. ಅವರು ಅದನ್ನು ಮರದ ಕೆಳಗೇ ಹಾಸಿ, ಮಲಗಿ, ಮೇಲೆ ನೋಡಿದರು. "ಹೀಗೆ ನೋಡಬೇಕು," ಎಂದರು.

ಪರಮೇಶಿಗೆ ಒಂದು ಅನುಮಾನ ಮೊದಲಿನಿಂದ ಇತ್ತು. "ಕೇಳು ಇವರ್ನ. ಹೆಂಗೂ ಹೂ ಬಿಟ್ಮೇಲೆ ಸಾಯೋ ಮರ ಇದು. ಇಷ್ಟೆಲ್ಲ ಯಾಕೆ ಒದ್ದಾಡಿದ್ರು?"

ಕೇಳಿದೆ. ಗುಣಪಾಲರು ಮಲಗಿದಲ್ಲಿಂದಲೇ, "ನೀರು ಹೊರುವಾಗ ಅಪ್ಪನ್ನ ದಿನಾ ಕೇಳ್ತಿದ್ದೆ, ಇದರ ಹೂ ಹೆಂಗಿರ್ತದೆ ಅಂತ. ಅವರು ಹೇಳ್ತಿದ್ದರು, ನೀನು ನೋಡಿ ನನಗೆ ಹೇಳು ಅಂತ," ಎಂದರು.

ಆಗ ಚಾಪೆಯ ಅಂಚಿನಲ್ಲಿ ಏನೋ ಅಲುಗಿತು. ಒಂದು ಕೊಂಬಿನ ದುಂಬಿ. ಬೆನ್ನ ಮೇಲೆ ಮಾಸಿದ ಮೂರು ಬಿಳಿ ಗೀಟು.

ಗುಣಪಾಲರು ಎದ್ದು ಕುಳಿತು ನನ್ನ ಕಡೆ ನೋಡಿದರು. ನಾನು ಬಿಳಿ ಅಂಗಿ ತೊಟ್ಟಿದ್ದೆ. ನಾನು ಪರಮೇಶಿಯ ಕಡೆ ನೋಡಿದೆ.

"ನನ್ ಕಡೆ ಯಾಕ್ ನೋಡ್ತೀಯ?" ಎಂದ ಅವನು. "ವಿಭೂತಿ ಹಚ್ಚಿದೋನು ನಾನೇ. ನಾ ಮುಟ್ಟಲ್ಲಪ್ಪ."

ಗುಣಪಾಲರು ಅದನ್ನು ಬೆಂಕಿಪೊಟ್ಟಣಕ್ಕೆ ಹಾಕಿ, ನಿಮ್ಮೂರಿಗೆ ಒಯ್ಯಿರಿ ಎಂದು ನನಗೆ ಕೊಡಬಂದರು. ಜೀವಂತ ಕೀಟವನ್ನು ದೇಶ ದಾಟಿಸಬಾರದೆಂದು ನಾನು ಗಾಬರಿಯಿಂದ ಹಿಂದೆ ಸರಿದೆ. ಅವರು ನಕ್ಕು ಪೊಟ್ಟಣ ತೆರೆದು, ಬೇರಿನ ಮೇಲೆ ಬಿಟ್ಟರು. "ಹೋಗಲಿ. ಇಷ್ಟು ಹೂವಿಗೆ ಒಂದು ಹುಳ ಯಾವ ಲೆಕ್ಕ?"

ಹಡಗಿನಲ್ಲಿ ಕುಳಿತು ಆ ದಿನದ ಪುಟ ತುಂಬಿದೆ: ಸಿಕ್ಕಿದ್ದು ಒಂದು, ಬಿಟ್ಟಿದ್ದು ಒಂದು.

ಮತ್ತೆ ಬೀರೂರು

ರೈಲು ಜಂಕ್ಷನ್ನಿಗೆ ಬಂದಾಗ ಅಪ್ಪ ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಅಮ್ಮ ಬೋಧಿ ಎಲೆಯನ್ನು ಸೆರಗಿನಲ್ಲಿ ಒರೆಸಿ, ಪಟದ ಚೌಕಟ್ಟಿಗೆ ಸಿಕ್ಕಿಸಿದಳು. ಚಾಪೆ ಎಲ್ಲೆಂದು ಕೇಳಿದಳು. ಗುಣಪಾಲರ ಕಥೆಯನ್ನೆಲ್ಲ ಹೇಳಬೇಕಾಯಿತು. ಒಲೆಯ ಮುಂದೆ ಮುದ್ದೆ ತೊಳಸುತ್ತ, ಆನೆ ಲದ್ದಿಗೆ ನಗುತ್ತ, ತನ್ನ ಕೋಳಿಗಳ ಮಾತು ಬಂದಾಗ ಬೀಗುತ್ತ ಕೇಳಿದಳು. ಕೊನೆಗೆ ಕೋಲು ನಿಲ್ಲಿಸಿ ಕೇಳಿದಳು.

"ಅಂತೂ ಮರ ಉಳೀತೇನಪ್ಪಾ?"

"ಇಲ್ಲಮ್ಮ," ಎಂದೆ. "ಹೂ ಬಿಡ್ತು."